ಕಳ್ಳಹೆಜ್ಜೆ ಗೇಮ್ ಆಡುವವರಿಗೆ ಗೈರೋ ಹೊಂದಿಸುವ ಬಗೆ

ವಿಜಯಪುರದವರನ್ನು ಗೋಳಗುಮ್ಮಟಕ್ಕೆ ಎಷ್ಟು ಸಲ ಹೋಗಿದ್ದೀರಿ ಎಂದು ಕೇಳಬಾರದು. ನೆಂಟರು ಬಂದಾಗಲೆಲ್ಲ ಹೋಗಲೇಬೇಕು, ಮೆಟ್ಟಿಲು ಹತ್ತಲೇಬೇಕು. ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಎಲ್ಲರೂ ಮಾಡೋದು ಒಂದೇ ಕೆಲಸ, ಕೂಗೋದು. ನಾನೂ ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಆದರೆ ನೆನಪಿನಲ್ಲಿ ಉಳಿದಿರೋದು ಬೇರೆ. ಚಿಕ್ಕವನಿದ್ದಾಗ ಒಂದು ದಿನ ಬೆಳಗ್ಗೆ ಬೇಗ ಹೋಗಿದ್ದೆವು. ಜನ ಇರಲಿಲ್ಲ. ಕಾಕಾ ಆ ಕಡೆ ಗೋಡೆಗೆ ಹೋಗಿ ಕುಳಿತರು. ನಾನು ಈ ಕಡೆ ಕಿಸೆಯಿಂದ ಮೆಲ್ಲಗೆ ಚಾಕಲೇಟ್ ತೆಗೆದು ಕಾಗದ ಬಿಚ್ಚಿದೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಅಷ್ಟು ದೂರದಿಂದ ಕಾಕಾನ ದನಿ ಕಿವಿಯ ಪಕ್ಕದಲ್ಲೇ ಬಂತು: “ಒಬ್ಬಾವನ ತಿನ್ನಬ್ಯಾಡೋ ತಮ್ಮಾ, ನನಗೂ ಒಂದ್ ಇರ್ಲಿ.”

ಸ್ಟೆಲ್ತ್ ಗೇಮ್ ಅಂದರೆ ಇದೇ ಆಟ. ಸಿಕ್ಕವರನ್ನೆಲ್ಲ ಹೊಡೆದು ಹಾಕೋದಕ್ಕಿಂತ, ಯಾರ ಕಣ್ಣಿಗೂ ಕಿವಿಗೂ ಬೀಳದೆ ದಾಟಿ ಹೋಗೋದರಲ್ಲಿ ಇದರ ಮಜಾ ಇದೆ. 1998ರ ಥೀಫ್‌ನಲ್ಲಿ ಕಲ್ಲಿನ ನೆಲದ ಮೇಲೆ ನಡೆದರೆ ಕಾವಲುಗಾರ ತಿರುಗಿ ನೋಡುತ್ತಿದ್ದ, ಜಮಖಾನದ ಮೇಲೆ ನಡೆದರೆ ಸುಮ್ನೆ ಇರುತ್ತಿದ್ದ. 2005ರ ಸ್ಪ್ಲಿಂಟರ್ ಸೆಲ್: ಕೇಯಾಸ್ ಥಿಯರಿಯಲ್ಲಿ ನಿಮ್ಮ ಸಪ್ಪಳ ಸುತ್ತಲಿನ ಗದ್ದಲಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ತೋರಿಸಲು ಒಂದು ಮೀಟರ್ರೇ ಇತ್ತು. ಇಷ್ಟು ನಾಜೂಕಿನ ಆಟವನ್ನು ನಾವು ಆಡೋದು ಹೇಗೆ? ಬಲಗೈ ಹೆಬ್ಬೆರಳಿನಿಂದ ಕಂಟ್ರೋಲರ್‌ನ ಸ್ಟಿಕ್ ಎಂಬ ಒಂದು ಗುಬುಟಿಯನ್ನು ಅತ್ತಿತ್ತ ನೂಕುತ್ತ. ಹೆಬ್ಬೆರಳಿಗೆ ಭಯ ಗೊತ್ತಾಗೋದಿಲ್ಲ.

ಕೈಗೆ ಗೊತ್ತಾಗುತ್ತದೆ. ಗೈರೋ ಅಂದರೆ ಕಂಟ್ರೋಲರ್ ತಿರುಗಿದ್ದನ್ನು ಅಳೆಯುವ ಸೆನ್ಸರ್; ಕೈ ತಿರುಗಿಸಿದ ಹಾಗೆ ಗೇಮ್‌ನ ನೋಟವೂ ತಿರುಗುತ್ತದೆ. ಅದನ್ನು ಹಾಕಿಕೊಂಡು ಆಡಿದ ಮೊದಲ ರಾತ್ರಿಯೇ ನನಗೆ ಇದು ತಿಳಿಯಿತು. ಕಾವಲುಗಾರ ಹತ್ತಿರ ಬಂದ ಹಾಗೆ ನನ್ನ ಕೈ ತಾನಾಗಿ ಬಿಗಿಯಾಯಿತು, ಉಸಿರು ನಿಂತಿತು. ಕೈ ನಡುಗಿದರೆ ಪರದೆಯ ಮೇಲಿನ ಗುರಿಯೂ ನಡುಗುತ್ತಿತ್ತು. ಐಸ್‌ಪೈಸ್ ಆಡುವಾಗ ಬಾಗಿಲ ಹಿಂದೆ ನಿಂತು ಉಸಿರು ಹಿಡಿಯುತ್ತಿದ್ದೆವಲ್ಲ, ಹಾಗೆಯೇ. ಅವ್ವ ಒಳಗೆ ಬಂದು, “ಯಾಕೋ, ಅದನ್ನ ಹಿಡಕೊಂಡು ಹಿಂಗ್ಯಾಕ ಡೊಂಕಾಗಿ ಕುಂತಿ?” ಅಂದಾಗಲೇ ಗೊತ್ತಾಗಿದ್ದು, ನಾನು ನಿಜವಾಗಲೂ ಕಂಬದ ಮರೆಯಿಂದ ಇಣುಕುವವನ ಹಾಗೆ ಎಡಕ್ಕೆ ವಾಲಿ ಕುಳಿತಿದ್ದೆ.

ಆ ಅನುಭವ ನಿಮಗೂ ಬರಬೇಕು ಎಂದರೆ ಒಂದಷ್ಟು ಹೊಂದಿಸಿಕೊಳ್ಳಬೇಕು. ಸುಮ್ನೆ ಆನ್ ಮಾಡಿ ಆಡಿದವರು ಹತ್ತು ನಿಮಿಷದಲ್ಲಿ ಬೈದು ಆಫ್ ಮಾಡುತ್ತಾರೆ.

ಮೊದಲು ಒಂದು ತಪ್ಪು ತಿಳಿವಳಿಕೆ

ಮೋಷನ್ ಕಂಟ್ರೋಲ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗೋದು ನಿಂಟೆಂಡೋದ 2006ರ ಕನ್ಸೋಲ್ ವೀ. ಕೈ ಬೀಸಿ ಟೆನಿಸ್ ಆಡುವುದು. ಅದರ ರಿಮೋಟ್‌ನಲ್ಲಿ ಕೈ ಬೀಸುವುದನ್ನು ಅಳೆಯಲು ಮೊದಲು ಇದ್ದದ್ದು ಆಕ್ಸಿಲರೋಮೀಟರ್ ಮಾತ್ರ. ಅದು ನೂಕಾಟವನ್ನೂ ಭೂಮಿಯ ಸೆಳೆತವನ್ನೂ ಅಳೆಯುತ್ತದೆ. ಕೈ ಎಷ್ಟು ವೇಗವಾಗಿ ತಿರುಗಿತು ಎಂದು ಸರಿಯಾಗಿ ಹೇಳೋದು ಗೈರೋಸ್ಕೋಪ್. ಅದು ವೀಗೆ ಬಂದದ್ದು 2009ರಲ್ಲಿ, ಮೋಷನ್‌ಪ್ಲಸ್ ಎಂಬ ತುಂಡನ್ನು ಸಿಕ್ಕಿಸಿಕೊಂಡ ಮೇಲೆ. ಆ ಕಾಲದಲ್ಲಿ ವೀಗೆ ಬಂದ ಮ್ಯಾನ್‌ಹಂಟ್ 2, ತೆಂಚು: ಶ್ಯಾಡೋ ಅಸಾಸಿನ್ಸ್ ಗೇಮ್‌ಗಳಲ್ಲಿ ಕದ್ದು ಹೋಗಿ ಕೊಲ್ಲುವಾಗ ಕೈಯನ್ನು ಹೀಗೆ ಎತ್ತು, ಹಾಗೆ ಬೀಸು ಎಂದು ತೋರಿಸುತ್ತಿದ್ದರು.

ಅಲ್ಲೇ ಎಡವಿದ್ದು ಅಂತ ನನಗನಿಸುತ್ತದೆ. ಅರ್ಧ ಗಂಟೆ ಮೈ ಬಿಗಿಹಿಡಿದು ಕೂತವನಿಗೆ ಕೊನೆಗೆ ಡೊಳ್ಳು ಬಡಿಯುವ ಹಾಗೆ ಕೈ ಬೀಸು ಅಂದರೆ ಕಟ್ಟಿಕೊಂಡ ಗುಂಗೆಲ್ಲ ಒಡೆದು ಹೋಗುತ್ತದೆ. ಸ್ಟೆಲ್ತ್‌ಗೆ ಬೇಕಾದ ಚಲನೆ ಒಂದು ಬೆರಳ ಅಗಲದಷ್ಟು. ಈ ಲೇಖನದಲ್ಲಿ ಹೇಳುವ ಎಲ್ಲ ಸೆಟ್ಟಿಂಗ್ ಆ ಬೆರಳ ಅಗಲಕ್ಕಾಗಿಯೇ.

ನಿಮ್ಮ ಹತ್ತಿರ ಗೈರೋ ಇದೆಯಾ?

ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಮತ್ತು 5ರ ಡ್ಯುಯಲ್‌ಸೆನ್ಸ್, ಎರಡರಲ್ಲೂ ಇದೆ. ನಿಂಟೆಂಡೋ ಸ್ವಿಚ್‌ನ ಜಾಯ್‌ಕಾನ್, ಪ್ರೋ ಕಂಟ್ರೋಲರ್‌ನಲ್ಲಿ ಇದೆ. ಸ್ಟೀಮ್ ಡೆಕ್‌ನಲ್ಲಿ ಇದೆ. ಎಕ್ಸ್‌ಬಾಕ್ಸ್ ಸೀರೀಸ್‌ನ ಜೊತೆ ಬರುವ ಕಂಟ್ರೋಲರ್‌ನಲ್ಲಿ ಇಲ್ಲ. ನಮ್ಮ ಕಡೆ ಪಿಸಿಗೆ ಜಾಸ್ತಿ ಜನ ಕೊಳ್ಳೋದು ಅದನ್ನೇ, ಇಲ್ಲವೇ ಅದರ ನಕಲನ್ನು. ಹಾಗಾಗಿ ಮೊದಲು ಇದನ್ನು ನೋಡಿಕೊಳ್ಳಿ.

ನಾನು ಇದರಲ್ಲಿ ಒಮ್ಮೆ ಮೋಸ ಹೋದೆ. ಅಂಗಡಿಯೊಂದರಲ್ಲಿ ನೋಡಲು ಥೇಟ್ ಡ್ಯುಯಲ್‌ಶಾಕ್ ಹಾಗೇ ಇದ್ದ ಕಂಟ್ರೋಲರ್ ಅರ್ಧ ಬೆಲೆಗೆ ಸಿಕ್ಕಿತು. “ಗೈರೋ ಐತೇನ್ರೀ ಅಣ್ಣಾರ?” ಅಂದೆ. “ಎಲ್ಲಾ ಐತ್ರಿ” ಅಂದರು. ಮನೆಗೆ ತಂದು ನೋಡಿದರೆ ಎಲ್ಲ ಇತ್ತು, ಗೈರೋ ಒಂದು ಬಿಟ್ಟು. ಕೊಳ್ಳುವ ಮುಂಚೆ ಸಾಧ್ಯವಾದರೆ ಲ್ಯಾಪ್‌ಟಾಪ್ ಒಯ್ಯಿರಿ. ಪಿಸಿ ಗೇಮ್ ಕೊಂಡು ಆಡುವ ಸ್ಟೀಮ್ ಆ್ಯಪ್ ತೆರೆದು ಸೆಟ್ಟಿಂಗ್ಸ್ ಒಳಗೆ ಕಂಟ್ರೋಲರ್ ಪುಟಕ್ಕೆ ಹೋದರೆ, ಗೈರೋ ಇದ್ದ ಕಂಟ್ರೋಲರ್‌ಗೆ ಅದನ್ನು ಕ್ಯಾಲಿಬ್ರೇಟ್ ಮಾಡುವ, ಅಂದರೆ ಅದರ ಸೊನ್ನೆ ಸರಿಪಡಿಸುವ, ಆಯ್ಕೆ ಕಾಣುತ್ತದೆ. ಕಾಣಲಿಲ್ಲ ಅಂದರೆ ಎದ್ದು ಬನ್ನಿ.

ಕಂಟ್ರೋಲರೇ ಇಲ್ಲವಾ? ಫೋನ್ ಇದೆಯಲ್ಲ. ಫೋನಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಗೇಮ್ ಆಡುವ ಹುಡುಗರಿಗೆ ಗೈರೋ ಹೊಸದೇನೂ ಅಲ್ಲ. ಅದರಲ್ಲಿ ಸ್ಕೋಪ್ (ಬಂದೂಕಿನ ದುರ್ಬೀನು) ಹಾಕಿದಾಗ ಮಾತ್ರ, ಇಲ್ಲವೇ ಯಾವಾಗಲೂ, ಎಂದು ಎರಡು ಬಗೆಯ ಆಯ್ಕೆ ಇದೆ. ಅದು ಸ್ಟೆಲ್ತ್ ಗೇಮ್ ಅಲ್ಲ ಅನ್ನುವವರು ಆಟದ ಜಾಗ ಕಿರಿದಾದ ಕೊನೆಯ ವೃತ್ತದಲ್ಲಿ ಹುಲ್ಲಿನಲ್ಲಿ ಹೊಟ್ಟೆ ಮೇಲೆ ತೆವಳಿ ನೋಡಲಿ. ಕೈ ಪಳಗಿಸಿಕೊಳ್ಳಲು ಪುಕ್ಕಟೆ ಸಿಗುವ ಗರಡಿಮನೆ ಅದು. ಆದರೆ ಕಡಿಮೆ ಬೆಲೆಯ ಕೆಲವು ಫೋನ್‌ಗಳಲ್ಲಿ ಆಕ್ಸಿಲರೋಮೀಟರ್ ಮಾತ್ರ ಇರುತ್ತದೆ, ಗೈರೋಸ್ಕೋಪ್ ಇರೋದಿಲ್ಲ. ಫೋನಿನ ವಿವರದ ಪಟ್ಟಿಯಲ್ಲಿ ಆ ಪದ ಇದೆಯೋ ಇಲ್ಲವೋ ನೋಡಿ.

ಕೂರುವ ಜಾಗ

ಇದನ್ನು ಯಾರೂ ಹೇಳೋದಿಲ್ಲ, ಆದರೆ ಅರ್ಧ ಕೆಲಸ ಇಲ್ಲೇ ಆಗುತ್ತದೆ. ಕುರ್ಚಿಯ ತುದಿಯಲ್ಲಿ ಕೂತು ಕಂಟ್ರೋಲರನ್ನು ಗಾಳಿಯಲ್ಲಿ ಹಿಡಿದರೆ ಹದಿನೈದು ನಿಮಿಷಕ್ಕೆ ಭುಜ ನೋಯುತ್ತದೆ, ಕೈ ನಡುಗುತ್ತದೆ. ನಾನು ಗಾದಿಯ ಮೇಲೆ ಲೋಡಿಗೆ ಒರಗಿ, ತೊಡೆಯ ಮೇಲೆ ಒಂದು ದಿಂಬು ಇಟ್ಟುಕೊಂಡು, ಅದರ ಮೇಲೆ ಎರಡೂ ಮೊಣಕೈ ಊರುತ್ತೇನೆ. ಆಗ ತಿರುಗೋದು ಮಣಿಕಟ್ಟು ಮಾತ್ರ. ಬಂದೂಕು ಹಿಡಿದವರು ಮೊಣಕೈ ಊರುವುದೂ ಇದೇ ಕಾರಣಕ್ಕೆ.

ದೀಪ ಆರಿಸಿ. ಪೂರ್ತಿ ಕತ್ತಲೆ ಬೇಡ, ಕಣ್ಣು ದಣಿಯುತ್ತದೆ. ಟಿವಿಯ ಹಿಂದೆ ಒಂದು ಸಣ್ಣ ದೀಪ ಇರಲಿ. 2014ರ ಥೀಫ್ ಅನ್ನು ಪ್ಲೇಸ್ಟೇಷನ್ 4ರಲ್ಲಿ ಆಡಿದವರಿಗೆ ಗೊತ್ತು, ನೀವು ಬೆಳಕಿಗೆ ಬಂದರೆ ಕಂಟ್ರೋಲರ್‌ನ ಲೈಟ್ ಬಾರ್ ಕೂಡ ಬೆಳಗುತ್ತದೆ, ನೆರಳಿಗೆ ಸರಿದರೆ ಮಂಕಾಗುತ್ತದೆ. ಕೋಣೆ ಕತ್ತಲಿದ್ದರೆ ಮಾತ್ರ ಅದರ ಬೆಲೆ ತಿಳಿಯೋದು.

ಸೀಲಿಂಗ್ ಫ್ಯಾನು, ಕೂಲರ್ ಸಪ್ಪಳ ನಮ್ಮ ಊರಲ್ಲಿ ತಪ್ಪಿದ್ದಲ್ಲ. ಬೇಸಿಗೆಯಲ್ಲಿ ಅವನ್ನು ಆರಿಸಿ ಆಡಿ ಅಂತ ನಾನಂತೂ ಹೇಳಲಾರೆ. ಹೆಡ್‌ಫೋನ್ ಹಾಕಿಕೊಳ್ಳಿ, ಸ್ಪೀಕರ್‌ನಲ್ಲಿ ಸ್ಟೆಲ್ತ್ ಗೇಮ್ ಆಡಬೇಡಿ. ಹೆಜ್ಜೆ ಎಡಗಡೆಯಿಂದ ಬಂತಾ, ಮೇಲಿನ ಮಹಡಿಯಿಂದ ಬಂತಾ ಅನ್ನೋದು ಗೊತ್ತಾಗದೆ ಇದ್ದರೆ ಗೈರೋ ಇದ್ದೂ ಉಪಯೋಗವಿಲ್ಲ.

ಕ್ಯಾಲಿಬ್ರೇಷನ್

ಕೈ ಅಲ್ಲಾಡಿಸದೇ ಇದ್ದರೂ ಪರದೆ ನಿಧಾನವಾಗಿ ಒಂದು ಕಡೆ ಜಾರುತ್ತಿದ್ದರೆ ಅದು ಡ್ರಿಫ್ಟ್. ಹೆದರಬೇಡಿ, ಗೈರೋ ತನ್ನ ಸೊನ್ನೆಯನ್ನು ಮರೆತಿದೆ ಅಷ್ಟೇ. ಕಂಟ್ರೋಲರನ್ನು ಗಟ್ಟಿಯಾದ, ಅಲ್ಲಾಡದ ಜಾಗದಲ್ಲಿ ಇಡಿ. ಮಂಚದ ಮೇಲೆ ಬೇಡ, ನೆಲದ ಮೇಲೆ ಇಡಿ. ನಮ್ಮ ಹಳೇ ಮನೆಯ ಕಲ್ಲುಹಾಸಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸ್ಟೀಮ್‌ನಲ್ಲಾದರೆ ಮೇಲೆ ಹೇಳಿದ ಕಂಟ್ರೋಲರ್ ಪುಟದಲ್ಲೇ ಕ್ಯಾಲಿಬ್ರೇಟ್ ಗುಂಡಿ ಇದೆ. ಸ್ವಿಚ್‌ನಲ್ಲಾದರೆ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಕಂಟ್ರೋಲರ್‌ಗಳ ವಿಭಾಗದಲ್ಲಿದೆ. ಬಿಸಿಲು ಏರಿದ ಕೋಣೆಯಲ್ಲಿ ತಾಪ ಬದಲಾದ ಹಾಗೆ ಸೆನ್ಸರ್‌ನ ಸೊನ್ನೆಯೂ ಸ್ವಲ್ಪ ಸರಿಯುತ್ತದೆ. ಹಾಗಾಗಿ ಮಧ್ಯಾಹ್ನ ಮಾಡಿದ್ದು ರಾತ್ರಿ ಸರಿ ಬರಲಿಲ್ಲ ಅಂದರೆ ಇನ್ನೊಮ್ಮೆ ಮಾಡಿ, ಅರ್ಧ ನಿಮಿಷದ ಕೆಲಸ.

ಮೌಸ್ ಆಗಿಸಿ, ಜಾಯ್‌ಸ್ಟಿಕ್ ಆಗಿಸಬೇಡಿ

ಪಿಸಿಯಲ್ಲಿ ಆಡುವವರಿಗೆ ಇದೇ ಮುಖ್ಯವಾದ ಹೆಜ್ಜೆ. ಸ್ವಲ್ಪ ನಿಧಾನವಾಗಿ ಓದಿ.

ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಸ್ಟೇಷನ್ ಕಂಟ್ರೋಲರ್‌ಗೆ ಸ್ಟೀಮ್ ಇನ್‌ಪುಟ್ ಆನ್ ಮಾಡಿ. ಆಮೇಲೆ ಗೇಮಿನ ಪುಟದಲ್ಲಿರುವ ಕಂಟ್ರೋಲರ್ ಚಿತ್ರ ಒತ್ತಿ, ಲೇಔಟ್ ಎಡಿಟ್ ಮಾಡಲು ಹೋದರೆ ಗೈರೋ ಎಂಬ ವಿಭಾಗ ಸಿಗುತ್ತದೆ. ಅಲ್ಲಿ ಗೈರೋ ಏನಾಗಿ ಕೆಲಸ ಮಾಡಬೇಕು ಎಂದು ಕೇಳುತ್ತದೆ. ಮೌಸ್ ಎನ್ನುವುದನ್ನೇ ಆರಿಸಿ. ಸ್ಟೀಮ್‌ನಲ್ಲಿ ಇಲ್ಲದ ಗೇಮ್ ಆದರೆ ಅದನ್ನು ನಾನ್‌ಸ್ಟೀಮ್ ಗೇಮ್ ಎಂದು ಲೈಬ್ರರಿಗೆ ಸೇರಿಸಿಕೊಂಡು ಇದನ್ನೇ ಮಾಡಬಹುದು.

ಜಾಯ್‌ಸ್ಟಿಕ್ ಯಾಕೆ ಬೇಡ? ಗೇಮ್‌ಗಳು ಸ್ಟಿಕ್‌ನ ನಟ್ಟನಡುವೆ ಒಂದು ಸತ್ತ ಜಾಗ ಬಿಟ್ಟಿರುತ್ತವೆ, ಡೆಡ್‌ಝೋನ್. ಸ್ಟಿಕ್ ಸ್ವಲ್ಪ ಅಲ್ಲಾಡಿದರೆ ಕ್ಯಾಮೆರಾ ಓಡಬಾರದು ಅಂತ. ಗೈರೋವನ್ನು ಸ್ಟಿಕ್ ಎಂದು ತೋರಿಸಿದರೆ ನಿಮ್ಮ ಸಣ್ಣ ಸಣ್ಣ ಚಲನೆಯೆಲ್ಲ ಆ ಸತ್ತ ಜಾಗದಲ್ಲೇ ಮುಳುಗುತ್ತದೆ. ನಮಗೆ ಬೇಕಾಗಿದ್ದೇ ಆ ಸಣ್ಣ ಚಲನೆ, ಅಲ್ವಾ? ಮೌಸ್‌ಗೆ ಈ ರೋಗ ಇಲ್ಲ. ಕೂದಲೆಳೆಯಷ್ಟು ತಿರುಗಿಸಿದರೂ ಅಷ್ಟೇ ತಿರುಗುತ್ತದೆ.

ಇಲ್ಲಿ ಇನ್ನೊಂದು ಲಾಭ ಇದೆ, ಸ್ಟೆಲ್ತ್ ಆಡುವವರಿಗೆ ಅದು ಚಿನ್ನದಂಥದ್ದು. ಕೀಬೋರ್ಡ್‌ನಲ್ಲಿ ನಡೆಯುವಾಗ ಗುಂಡಿ ಒತ್ತಿದರೆ ಒಂದೇ ವೇಗ. 2002ರ ಸ್ಪ್ಲಿಂಟರ್ ಸೆಲ್ ಪಿಸಿಗೆ ಬಂದಾಗ ಈ ತೊಂದರೆಗೆ ಅವರು ಕಂಡುಕೊಂಡ ದಾರಿ ಮೌಸ್‌ನ ಚಕ್ರ. ಅದನ್ನು ಉರುಳಿಸಿದರೆ ನಡಿಗೆಯ ವೇಗ ಏರುತ್ತಿತ್ತು, ಇಳಿಯುತ್ತಿತ್ತು. ಕಂಟ್ರೋಲರ್‌ನ ಎಡ ಸ್ಟಿಕ್‌ನಲ್ಲಿ ಈ ತೊಂದರೆಯೇ ಇಲ್ಲ, ಎಷ್ಟು ನೂಕಿದರೆ ಅಷ್ಟು ವೇಗ. ಎಡಗೈಯಲ್ಲಿ ಸ್ಟಿಕ್‌ನ ನಾಜೂಕು ನಡಿಗೆ, ಬಲಗೈಯಲ್ಲಿ ಮೌಸ್‌ನಂಥ ನೋಟ. ಕೀಬೋರ್ಡ್ ಮೌಸ್ ಹಿಡಿದವನಿಗೂ, ಬರೀ ಸ್ಟಿಕ್ ಹಿಡಿದವನಿಗೂ ಸಿಗದ ಜೋಡಿ ಇದು.

ಒಂದು ಕಿರಿಕಿರಿ ಬರಬಹುದು. ಕೆಲವು ಗೇಮ್‌ಗಳಿಗೆ ಸ್ಟಿಕ್ಕೂ ಮೌಸೂ ಒಟ್ಟಿಗೆ ಬಂದರೆ ತಲೆ ಕೆಡುತ್ತದೆ. ಪರದೆಯ ಮೇಲೆ ಗುಂಡಿಯ ಚಿತ್ರ ಒಮ್ಮೆ ಕಂಟ್ರೋಲರ್‌ದು, ಒಮ್ಮೆ ಕೀಬೋರ್ಡ್‌ದು ಎಂದು ಮಿಣಮಿಣ ಬದಲಾಗುತ್ತಿರುತ್ತದೆ. ಚಿತ್ರ ಮಾತ್ರ ಬದಲಾದರೆ ತಲೆ ಕೆಡಿಸಿಕೊಳ್ಳಬೇಡಿ. ನಡಿಗೆಯೇ ತಡವರಿಸುತ್ತಿದ್ದರೆ ಎಲ್ಲ ಗುಂಡಿಗಳಿಗೂ ಕೀಬೋರ್ಡ್‌ನ ಕೀ ಕೊಟ್ಟುಬಿಡಿ. ಆಗ ಎಡ ಸ್ಟಿಕ್‌ನ ನಿಧಾನ ನಡಿಗೆ ಹೋಗುತ್ತದೆ. ಅದಕ್ಕೂ ಉಪಾಯ ಇದೆ: ಸ್ಟಿಕ್‌ನ ಸೆಟ್ಟಿಂಗ್‌ನಲ್ಲಿ ಔಟರ್ ರಿಂಗ್ ಕಮಾಂಡ್ ಎಂಬುದು ಸಿಗುತ್ತದೆ, ಸ್ಟಿಕ್ ಅಂಚಿನ ತನಕ ನೂಕಿದಾಗ ಒಂದು ಕೀ ಒತ್ತಿದಂತೆ ಮಾಡುವುದು ಅದರ ಕೆಲಸ. ಅದನ್ನು ತಿರುವುಮುರುವು ಮಾಡಿ, ಸ್ಟಿಕ್ ಅರ್ಧ ಮಾತ್ರ ನೂಕಿದಾಗ ಮೆಲ್ಲಗೆ ನಡೆಯುವ ಕೀ ಒತ್ತಿದಂತೆ ಆಗಲಿ ಎಂದು ಹೊಂದಿಸಿ. ಎರಡು ವೇಗವಾದರೂ ಸಿಕ್ಕಿತು.

ಕನ್ಸೋಲ್‌ನಲ್ಲಿ ಆಡುವವರಿಗೆ ಈ ತಾಪತ್ರಯ ಇಲ್ಲ, ಆಯ್ಕೆಯೂ ಇಲ್ಲ. ಗೇಮ್ ಮಾಡಿದವರು ಗೈರೋ ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಏಲಿಯನ್: ಐಸೊಲೇಷನ್ 2019ರಲ್ಲಿ ಸ್ವಿಚ್‌ಗೆ ಬಂದಾಗ ಗೈರೋ ಇಟ್ಟಿದ್ದರು. ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಬಿಲ್ಲಿನ ಗುರಿಗೆ ಇದೆ. ಅದರಲ್ಲಿ ಯೀಗಾ ಗುಂಪಿನ ಅಡಗುತಾಣದೊಳಗೆ ಕದ್ದು ನುಗ್ಗುವ ಭಾಗ ಒಂದಿದೆ. ಬಾಳೆಹಣ್ಣು ತೋರಿಸಿ ಕಾವಲುಗಾರರನ್ನು ಆ ಕಡೆ ಎಳೆಯಬಹುದು. ಕಲಿಯುವವರಿಗೆ ಅಂಥ ಜಾಗ ಚೆನ್ನಾಗಿದೆ. ಸಿಕ್ಕಿಬಿದ್ದರೂ ನಗು ಬರುತ್ತದೆ.

ಎಷ್ಟು ತಿರುಗಿದರೆ ಎಷ್ಟು?

ಸೆನ್ಸಿಟಿವಿಟಿ, ಅಂದರೆ ಕೈ ತಿರುಗಿದ್ದಕ್ಕೆ ನೋಟ ಎಷ್ಟು ತಿರುಗಬೇಕು ಅನ್ನೋದು. ಅದರ ಬಗ್ಗೆ ಎಲ್ಲರೂ ತಮ್ಮ ಸಂಖ್ಯೆ ಹೇಳುತ್ತಾರೆ. ಬೇರೆಯವರ ಸಂಖ್ಯೆ ನಿಮಗೆ ಆಗೋದಿಲ್ಲ. ಲೆಕ್ಕ ಹಾಕುವ ಬಗೆ ಹೇಳುತ್ತೇನೆ.

ಕಂಟ್ರೋಲರ್ 1 ಡಿಗ್ರಿ ತಿರುಗಿದರೆ ಗೇಮ್ ಒಳಗಿನ ನೋಟವೂ 1 ಡಿಗ್ರಿ ತಿರುಗುವುದನ್ನು ಒಂದಕ್ಕೊಂದು ಅನ್ನೋಣ. ಕೇಳಲು ಸಹಜ ಅನಿಸುತ್ತದೆ. ಆದರೆ ಕೂತಲ್ಲೇ ಪಕ್ಕಕ್ಕೆ ನೋಡಬೇಕಾದರೆ ಕಂಟ್ರೋಲರನ್ನೂ 90 ಡಿಗ್ರಿ ತಿರುಗಿಸಬೇಕು, ಪರದೆ ಕಾಣೋದಿಲ್ಲ. ಹಾಗಾಗಿ ಹೆಚ್ಚಿಸಬೇಕು. ನಿಮ್ಮ ಗೇಮ್‌ನಲ್ಲಿ ಒಮ್ಮೆಗೆ ಕಾಣುವ ಅಗಲ 75 ಡಿಗ್ರಿ ಅಂದುಕೊಳ್ಳಿ. 3 ಪಟ್ಟು ಇಟ್ಟರೆ 25 ಡಿಗ್ರಿ ಮಣಿಕಟ್ಟು ತಿರುಗಿಸಿದಾಗ ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಬಹುದು. ಮೊಣಕೈ ಊರಿದ ಕೈಗೆ ಅದು ಸಲೀಸು. ಗುಂಡಿನ ಸುರಿಮಳೆಯ ಗೇಮ್ ಆಡುವವರು ಇದಕ್ಕಿಂತ ಜಾಸ್ತಿ ಇಡುತ್ತಾರೆ. ಸ್ಟೆಲ್ತ್‌ಗೆ ನಾನು 2ರಿಂದ 3ರ ನಡುವೆ ಇಡುತ್ತೇನೆ. ದೊಡ್ಡ ತಿರುವಿಗೆ ಬಲ ಸ್ಟಿಕ್ ಇದ್ದೇ ಇದೆ. ಸ್ಟಿಕ್‌ನಿಂದ ಕೋಣೆಯ ಕಡೆ ತಿರುಗಿ, ಗೈರೋದಿಂದ ಬಾಗಿಲ ಸಂದಿಯಲ್ಲಿ ನೋಡಿ.

ಪರೀಕ್ಷೆ ಹೀಗೆ ಮಾಡಿ. ಗೇಮ್‌ನಲ್ಲಿ ಬಾಗಿಲ ಚೌಕಟ್ಟಿನ ಎದುರು ನಿಲ್ಲಿ. ಗುರಿಯನ್ನು ಚೌಕಟ್ಟಿನ ಅಂಚಿನ ಮೇಲೆ ಇಟ್ಟು, ಸುತ್ತಲೂ ಒಂದು ಸಲ ನಿಧಾನವಾಗಿ ಎಳೆಯಿರಿ, ರಂಗೋಲಿಯ ಗೆರೆ ಎಳೆಯುವ ಹಾಗೆ. ಗೆರೆ ಬಿಟ್ಟು ಹೊರಗೆ ಹೋಗುತ್ತಿದ್ದರೆ ಕಡಿಮೆ ಮಾಡಿ. ಕೈ ಸುತ್ತಿ ಸುಸ್ತಾದರೆ ಸ್ವಲ್ಪ ಹೆಚ್ಚಿಸಿ. ಗೇಮಿನೊಳಗಿನ ಮೌಸ್ ಆಕ್ಸಿಲರೇಷನ್ (ಕೈ ವೇಗವಾದಷ್ಟೂ ಗುರಿ ಜಾಸ್ತಿ ಓಡುವುದು) ಆಫ್ ಇರಲಿ. ಸ್ಮೂದಿಂಗ್ ಅನ್ನೋದನ್ನೂ ಸೊನ್ನೆಗೆ ಹತ್ತಿರ ಇಡಿ. ಅದು ಕೈ ನಡುಕವನ್ನು ಅಡಗಿಸುತ್ತದೆ ನಿಜ, ಆದರೆ ಕೈ ತಿರುಗಿದ ಮೇಲೆ ನೋಟ ಹಿಂದಿನಿಂದ ಎಳೆದುಕೊಂಡು ಬರುತ್ತದೆ, ಅಮಲೇರಿದವನ ಹಾಗೆ. ಅದಲ್ಲದೆ ನಡುಕವೇ ಇಲ್ಲದಿದ್ದರೆ ಕೈ ತಡೆಯುವ ಆಟ ಎಲ್ಲಿ ಉಳಿಯಿತು?

ಯಾವಾಗ ಆನ್, ಯಾವಾಗ ಆಫ್

ಮೊದಲ ವಾರ ಗುರಿ ಹಿಡಿದಾಗ ಮಾತ್ರ ಗೈರೋ ಕೆಲಸ ಮಾಡಲಿ. ಎಡ ಟ್ರಿಗರ್ ಅರ್ಧ ಒತ್ತಿದರೆ ಆನ್, ಬಿಟ್ಟರೆ ಆಫ್. ಇದರಲ್ಲಿ ತಪ್ಪುವುದಕ್ಕೆ ಏನೂ ಇಲ್ಲ.

ಆದರೆ ಗುಂಗು ಹಿಡಿಯೋದು ಆಮೇಲೆ, ಯಾವಾಗಲೂ ಆನ್ ಇಟ್ಟಾಗ. ಯಾಕೆ ಅಂದರೆ ಸ್ಟೆಲ್ತ್ ಗೇಮ್‌ನಲ್ಲಿ ನೀವು ಗುರಿ ಹಿಡಿಯೋದಕ್ಕಿಂತ ನೋಡೋದು ಜಾಸ್ತಿ. ಪೊದೆಯಲ್ಲಿ ಕೂತು ಕಾವಲುಗಾರ ಎಷ್ಟು ಹೆಜ್ಜೆಗೆ ತಿರುಗುತ್ತಾನೆ ಎಂದು ಎಣಿಸುತ್ತೀರಿ, ಕ್ಯಾಮೆರಾ ಎಲ್ಲಿದೆ ಹುಡುಕುತ್ತೀರಿ. ಆ ನೋಡುವಿಕೆಯೇ ಕೈಯಿಂದ ಆಗಬೇಕು. ಯಾವಾಗಲೂ ಆನ್ ಇಟ್ಟರೆ ಒಂದು ಗುಂಡಿಯನ್ನು ಗೈರೋ ಆಫ್ ಮಾಡಲು ಮೀಸಲಿಡಿ. ಮೌಸ್ ಪ್ಯಾಡ್‌ನ ಅಂಚಿಗೆ ಬಂದಾಗ ಮೌಸ್ ಎತ್ತಿ ನಡುವೆ ಇಡುತ್ತೇವಲ್ಲ, ಇದೂ ಹಾಗೆ. ಗುಂಡಿ ಒತ್ತಿಹಿಡಿದು ಕೈ ನೆಟ್ಟಗೆ ಮಾಡಿಕೊಂಡು, ಬಿಡಿ. ಡ್ಯುಯಲ್‌ಸೆನ್ಸ್‌ನಲ್ಲಿ ಟಚ್‌ಪ್ಯಾಡ್ ಮುಟ್ಟಿದರೆ ಆಫ್ ಎಂದು ಇಟ್ಟುಕೊಂಡಿದ್ದೇನೆ. ಕೆಮ್ಮು ಬಂದರೆ, ಮೂಗು ಕೆರೆದರೆ ಮೊದಲು ಹೆಬ್ಬೆರಳು ಅಲ್ಲಿಗೆ ಹೋಗುತ್ತದೆ.

ಫ್ಲಿಕ್ ಸ್ಟಿಕ್ ಬಗ್ಗೆ ಕೇಳಿರುತ್ತೀರಿ. ಜಿಬ್ ಸ್ಮಾರ್ಟ್ ಎನ್ನುವ ಡೆವಲಪರ್ ಹುಟ್ಟುಹಾಕಿದ ಬಗೆ ಅದು. ಬಲ ಸ್ಟಿಕ್ ಯಾವ ಕಡೆ ನೂಕುತ್ತೀರೋ ಆ ಕಡೆ ನೋಟ ಥಟ್ಟನೆ ತಿರುಗುತ್ತದೆ, ಉಳಿದದ್ದೆಲ್ಲ ಗೈರೋ. 2022ರಲ್ಲಿ ಫೋರ್ಟ್‌ನೈಟ್‌ಗೂ ಬಂತು. ಜಾಣತನದ ಕೆಲಸ, ಒಪ್ಪುತ್ತೇನೆ. ಆದರೆ ಕತ್ತಲಲ್ಲಿ ಕದ್ದು ಹೋಗುವವನು ಥಟ್ಟನೆ ಹಿಂದೆ ತಿರುಗಿದರೆ ನನಗೆ ಗುಂಗು ಬಿಡುತ್ತದೆ. ನಾನು ಬಳಸೋದಿಲ್ಲ.

ಇಣುಕುವುದು

ಇದು ನನಗೆ ಬಹಳ ಇಷ್ಟವಾದ ಭಾಗ. 2012ರ ಡಿಸ್‌ಆನರ್ಡ್‌ನಲ್ಲಿ ಕೀಬೋರ್ಡ್‌ನ ಕ್ಯೂ ಒತ್ತಿದರೆ ಕಥಾನಾಯಕ ಎಡಕ್ಕೆ ವಾಲಿ ಇಣುಕುತ್ತಾನೆ, ಇ ಒತ್ತಿದರೆ ಬಲಕ್ಕೆ. ಇದನ್ನು ಕೈಗೆ ಕೊಡೋಣ.

ಕೈ ತಿರುಗುವುದರಲ್ಲಿ ಬಗೆಗಳಿವೆ. ತಟ್ಟೆಯನ್ನು ಹಿಡಿದು ಎಡಕ್ಕೋ ಬಲಕ್ಕೋ ನಿಂತವರ ಕಡೆ ತಿರುಗಿಸಿದಂತೆ ಮಾಡುವುದು ಯಾ. ಲಾರಿಯ ಸ್ಟೀರಿಂಗ್‌ನಂತೆ ಓರೆ ಮಾಡುವುದು ರೋಲ್. ಎಡಬಲದ ನೋಟಕ್ಕೆ ಯಾ ಮಾತ್ರ ಇರಲಿ, ರೋಲ್ ಬೇಡ. ಆಮೇಲೆ ಎಡ ಬಂಪರ್‌ಗೆ (ಟ್ರಿಗರ್‌ನ ಮೇಲಿನ ಗುಂಡಿ) ಮೋಡ್ ಶಿಫ್ಟ್ ಎಂಬ ಆಯ್ಕೆ ಕೊಟ್ಟು, ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಗೈರೋ ಡೈರೆಕ್ಷನಲ್ ಪ್ಯಾಡ್ ಆಗಲಿ ಎಂದು ಹೊಂದಿಸಿ. ಆ ಪ್ಯಾಡ್‌ನ ಎಡಕ್ಕೆ ಕ್ಯೂ, ಬಲಕ್ಕೆ ಇ. ಮೇಲೆ ಕೆಳಗೆ ಏನೂ ಬೇಡ.

ಈಗ ಗೋಡೆಯ ತುದಿಗೆ ಹೋಗಿ ಬಂಪರ್ ಒತ್ತಿ, ಕೈ ಓರೆ ಮಾಡಿ. ಅವನು ಇಣುಕುತ್ತಾನೆ. ಎರಡನೇ ಸಲ ಮಾಡುವಷ್ಟರಲ್ಲಿ ನಿಮ್ಮ ಹೆಗಲೂ ವಾಲುತ್ತದೆ, ನೋಡುತ್ತಿರಿ. ಎಷ್ಟು ಓರೆಯಾದರೆ ಇಣುಕಬೇಕು ಅನ್ನೋದನ್ನು ಜಾಸ್ತಿಯೇ ಇಡಿ. ಕೈ ಸ್ವಲ್ಪ ಅಲ್ಲಾಡಿದ್ದಕ್ಕೆಲ್ಲ ತಲೆ ಹೊರಗೆ ಚಾಚಿದರೆ ಸಿಕ್ಕಿಬೀಳುತ್ತೀರಿ.

ಅಲ್ಲಾಡಿಸುವ ಕೆಲಸಗಳನ್ನು ಒಂದೆರಡಕ್ಕೆ ಸೀಮಿತ ಮಾಡಿ. ದಿ ಲಾಸ್ಟ್ ಆಫ್ ಅಸ್‌ನಲ್ಲಿ ಟಾರ್ಚ್ ಮಿಣುಕತೊಡಗಿದರೆ ಕಂಟ್ರೋಲರನ್ನು ಅಲುಗಿಸಬೇಕು, ಸರಿ ಹೋಗುತ್ತದೆ. ಕರೆಂಟು ಹೋದ ರಾತ್ರಿ ಹಳೇ ಬ್ಯಾಟರಿಯ ಟಾರ್ಚನ್ನು ಅಂಗೈಗೆ ಬಡಿದವರಿಗೆ ಅದನ್ನು ಕಲಿಸಬೇಕಾಗಿಲ್ಲ, ಕೈಗೆ ಮೊದಲೇ ಗೊತ್ತು. ಅಂಥ ಚಲನೆ ಇರಲಿ. ಕತ್ತು ಹಿಚುಕಲು, ಬಾಗಿಲು ತೆಗೆಯಲು, ಚೀಲ ನೋಡಲು ಎಲ್ಲದಕ್ಕೂ ಕೈ ಕುಣಿಸಬೇಡಿ. ಗುಂಡಿ ಸಾಕು.

ಮೈಕ್, ಕ್ಯಾಮೆರಾ, ಹೆಡ್‌ಸೆಟ್

ಏಲಿಯನ್: ಐಸೊಲೇಷನ್ 2014ರಲ್ಲಿ ಬಂದಾಗ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಕಿನೆಕ್ಟ್ ಎಂಬ ಕ್ಯಾಮೆರಾ, ಪ್ಲೇಸ್ಟೇಷನ್ 4ರಲ್ಲಿ ಕ್ಯಾಮೆರಾ ಇದ್ದವರಿಗೆ ಎರಡು ಹೆಚ್ಚಿನ ಆಯ್ಕೆ ಕೊಟ್ಟಿದ್ದರು. ನೀವು ತಲೆ ವಾಲಿಸಿದರೆ ಒಳಗಿನ ಪಾತ್ರವೂ ಇಣುಕುತ್ತದೆ. ಇನ್ನೊಂದು, ನಿಮ್ಮ ಕೋಣೆಯಲ್ಲಿ ಸಪ್ಪಳವಾದರೆ ಅದು ಗೇಮ್‌ನಲ್ಲಿ ನಿಮ್ಮನ್ನು ಹುಡುಕುವ ಏಲಿಯನ್ ಪ್ರಾಣಿಗೆ ಕೇಳಿಸುತ್ತದೆ! ಸೋಲಾಪುರದಲ್ಲಿ ಮಾವನ ಮಗನ ಮನೆಯಲ್ಲಿ ಇದನ್ನು ಆಡಿದ್ದೆ. ಲಾಕರ್ ಒಳಗೆ ಅಡಗಿ ನಿಂತಿದ್ದೇನೆ, ಪ್ರಾಣಿ ಹೊರಗೆ ಮೂಸುತ್ತಿದೆ, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮುಗಿಯಿತು ಕಥೆ. ಮಾವಶಿ ಅಡುಗೆ ಮುಗಿಸುವ ತನಕ ಆ ಆಯ್ಕೆಯನ್ನು ಆಫ್ ಇಟ್ಟೆವು. ಕೂಡು ಕುಟುಂಬದಲ್ಲಿ ಇರುವವರು ರಾತ್ರಿ ಹನ್ನೊಂದರ ಮೇಲೆ ಆನ್ ಮಾಡಿ.

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವಿಆರ್‌ನಲ್ಲಿ ಇಡೀ ಮೈಯೇ ಕಂಟ್ರೋಲರ್. 2018ರ ಬಜೆಟ್ ಕಟ್ಸ್, 2023ರಲ್ಲಿ ಕ್ವೆಸ್ಟ್ ಹೆಡ್‌ಸೆಟ್‌ಗೆ ಬಂದ ಅಸಾಸಿನ್ಸ್ ಕ್ರೀಡ್ ನೆಕ್ಸಸ್ ಇವುಗಳಲ್ಲಿ ಮರೆಯಿಂದ ನೋಡಬೇಕು ಅಂದರೆ ನೀವೇ ಬಗ್ಗಬೇಕು, ನೀವೇ ತಲೆ ಚಾಚಬೇಕು. ಅದರಷ್ಟು ಮೈಮರೆಸುವುದು ಬೇರೆ ಇಲ್ಲ. ಆದರೆ ನಮ್ಮ ಊರಿನ ಮೇ ತಿಂಗಳಲ್ಲಿ ಮುಖಕ್ಕೆ ಹೆಡ್‌ಸೆಟ್ ಕಟ್ಟಿಕೊಂಡು ಅರ್ಧ ಗಂಟೆ ಬಗ್ಗಿ ಕೂತು ನೋಡಿ, ಕನ್ನಡಿ ಗಾಜಿನ ಮೇಲೆ ಬೆವರು ಇಳಿಯುತ್ತದೆ. ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಕೈ ಪಳಗುವ ತನಕ

ಗೊತ್ತಿರುವ ಗೇಮ್‌ನಿಂದ ಶುರುಮಾಡಿ. ಮೊದಲೇ ಮುಗಿಸಿದ ಒಂದು ಹಂತವನ್ನು ತೆಗೆದುಕೊಂಡರೆ ದಾರಿ ಹುಡುಕುವ ತಲೆನೋವು ಇರೋದಿಲ್ಲ, ಗಮನವೆಲ್ಲ ಕೈ ಮೇಲೆ. ಎರಡು ಮೂರು ದಿನ ಸ್ಟಿಕ್‌ಗಿಂತ ಕೆಟ್ಟದಾಗಿ ಆಡುತ್ತೀರಿ. ಆಡಲೇಬೇಕು. ನಾಲ್ಕನೇ ದಿನದ ಹೊತ್ತಿಗೆ ಹೆಬ್ಬೆರಳು ತಾನಾಗಿ ಸುಮ್ಮನಾಗುತ್ತದೆ. ಆಮೇಲೆ ಒಂದು ಪಂದ್ಯ ಕಟ್ಟಿಕೊಳ್ಳಿ: ದೀಪಗಳನ್ನು ಮಾತ್ರ ಹೊಡೆದು ಆರಿಸುತ್ತ, ಯಾರನ್ನೂ ಮುಟ್ಟದೆ ಹಂತ ದಾಟಬೇಕು. ಸಣ್ಣ ಗುರಿ, ಅವಸರವಿಲ್ಲ. ಕೈ ಪಳಗಲು ಇದಕ್ಕಿಂತ ಒಳ್ಳೆಯ ಸಾಧನೆ ನನಗೆ ಸಿಕ್ಕಿಲ್ಲ. ಮಣಿಕಟ್ಟು ನೋಯಲು ಶುರುವಾದರೆ ಅವತ್ತಿಗೆ ನಿಲ್ಲಿಸಿ. ಬಿಗಿಯಾಗಿ ಹಿಡಿಯುವುದು ಹೊಸಬರ ಚಾಳಿ. ಹಕ್ಕಿಮರಿ ಹಿಡಿದ ಹಾಗೆ ಹಿಡಿದರೆ ಸಾ‌ಕು.

ಕೊನೆಗೆ, ಬಸ್ಸಿನಲ್ಲಿ ಗೈರೋ ಆಫ್ ಮಾಡಿ. ಕೈ ತಿರುಗಿತೋ ಬಸ್ ತಿರುಗಿತೋ ಅದಕ್ಕೆ ಗೊತ್ತಾಗೋದಿಲ್ಲ. ಸೋಲಾಪುರದ ಬಸ್ಸಿನಲ್ಲಿ ಒಮ್ಮೆ ಫೋನ್ ಹಿಡಿದು ಹುಲ್ಲಿನಲ್ಲಿ ಅಡಗಿದ್ದೆ, ಗೈರೋ ಯಾವಾಗಲೂ ಆನ್. ಎದುರಿನವನ ಬೆನ್ನು ಇನ್ನೇನು ಗುರಿಗೆ ಸಿಕ್ಕಿತು ಅನ್ನುವಾಗ ಡ್ರೈವರ್ ತಿರುವಿನಲ್ಲಿ ಸ್ಟೀರಿಂಗ್ ಎಳೆದರು. ನಾನು ಹೊಡೆದ ಗುಂಡು ಪಕ್ಕದ ಬೇಲಿಗೆ ಬಿತ್ತು. ಅವನು ತಿರುಗಿದ. ಪಕ್ಕದ ಸೀಟಿನ ಅಜ್ಜ ಅಷ್ಟು ಹೊತ್ತೂ ಪರದೆಯನ್ನೇ ನೋಡುತ್ತಿದ್ದರಂತೆ. “ಹೋತು ನೋಡ್” ಅಂದರು.